ರಕ್ತ ತೆಗೆಯುವವರ ಕಲಿಕೆ: ಸೂಜಿ ಚುಚ್ಚುವ ಮೊದಲು, ಚುಚ್ಚಿದ ನಂತರ

ರಕ್ತ ಪರೀಕ್ಷೆಗೆಂದು ಕೈ ಚಾಚಿ ಕುಳಿತವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತು, "ನರ ಸಿಗುತ್ತಿಲ್ಲ" ಎಂಬುದು. ಆಡುಮಾತಿನ ಕನ್ನಡದಲ್ಲಿ ರಕ್ತ ಹರಿಯುವ ನಾಳಕ್ಕೂ ನರ ಎನ್ನುತ್ತೇವೆ, ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ಮುಟ್ಟಿಸುವ ತಂತುವಿಗೂ ನರ ಎನ್ನುತ್ತೇವೆ. ಮನೆಯೊಳಗಿನ ಮಾತಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ರಕ್ತ ತೆಗೆಯುವುದನ್ನು ವೃತ್ತಿಯಾಗಿ ಕಲಿಯಲು ಬಂದವರು ಮೊದಲ ದಿನವೇ ಈ ಒಂದು ಪದವನ್ನು ಮೂರಾಗಿ ಬಿಡಿಸಿಕೊಳ್ಳಬೇಕಾಗುತ್ತದೆ. ಹೃದಯದ ಕಡೆಗೆ ರಕ್ತವನ್ನು ಮರಳಿ ತರುವುದು ಅಭಿಧಮನಿ. ಸೂಜಿ ಹೋಗಬೇಕಾದದ್ದು ಇದರೊಳಕ್ಕೆ. ಹೃದಯದಿಂದ ಒತ್ತಡದಲ್ಲಿ ರಕ್ತವನ್ನು ಒಯ್ಯುವುದು ಅಪಧಮನಿ; ಬೆರಳಿಗೆ ಮಿಡಿತ ಸಿಕ್ಕಿತೆಂದರೆ ಅಲ್ಲಿ ಚುಚ್ಚಬಾರದು. ಮೂರನೆಯದು ನಿಜವಾದ ನರ. ಅದಕ್ಕೆ ಸೂಜಿ ತಾಗಿದರೆ ಕೈಯುದ್ದಕ್ಕೂ ಕರೆಂಟ್ ಹೊಡೆದಂತೆ ನೋವು ಹರಿಯುತ್ತದೆ. ಆಗ ಸೂಜಿಯನ್ನು ಒಳಗೇ ಅತ್ತಿತ್ತ ತಿರುಗಿಸಿ ನೋಡದೆ ತಕ್ಷಣ ಹೊರತೆಗೆಯಬೇಕು.

ಮೊಣಕೈಯ ಒಳಮಡಿಕೆಯಲ್ಲಿ ಈ ಮೂರೂ ಒತ್ತೊತ್ತಾಗಿ ಇರುತ್ತವೆ. ನಡುವಿನಲ್ಲಿ ಹಾದುಹೋಗುವ ಮೀಡಿಯನ್ ಕ್ಯೂಬಿಟಲ್ ಎಂಬ ಅಭಿಧಮನಿ ಸಾಮಾನ್ಯವಾಗಿ ದಪ್ಪನಾಗಿ, ಅಲುಗಾಡದೆ, ಚರ್ಮಕ್ಕೆ ಹತ್ತಿರವಾಗಿರುವುದರಿಂದ ಮೊದಲ ಆಯ್ಕೆ ಅದೇ. ಹೆಬ್ಬೆರಳಿನ ಬದಿಯ ಸೆಫಾಲಿಕ್ ಎರಡನೆಯ ಆಯ್ಕೆ. ಕಿರುಬೆರಳಿನ ಬದಿಯ ಬೆಸಿಲಿಕ್ ಅಭಿಧಮನಿ ಎಷ್ಟೋ ಜನರಲ್ಲಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆಯಾದರೂ ಕೊನೆಯ ಆಯ್ಕೆಯಾಗಿ ಉಳಿಯಬೇಕು, ಏಕೆಂದರೆ ತೋಳಿನ ಮುಖ್ಯ ಅಪಧಮನಿಯೂ ಮೀಡಿಯನ್ ನರವೂ ಅದರ ಪಕ್ಕದಲ್ಲೇ ಇವೆ. ಕಣ್ಣಿಗೆ ಕಂಡದ್ದನ್ನೆಲ್ಲ ಚುಚ್ಚಬಾರದು, ಬೆರಳಿಗೆ ಸಿಕ್ಕಿದ್ದನ್ನು ನಂಬಬೇಕು ಎಂಬ ಪಾಠ ಇಲ್ಲಿಂದಲೇ ಶುರುವಾಗುತ್ತದೆ.

ಈ ಕೆಲಸ ಮಾಡುವವರನ್ನು ಫ್ಲೆಬಾಟಮಿಸ್ಟ್ ಎನ್ನುತ್ತಾರೆ. ನಾಳ ಮತ್ತು ಕತ್ತರಿಸುವಿಕೆ ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಬಂದ ಹೆಸರು ಅದು. ರೋಗ ವಾಸಿಯಾಗಲೆಂದು ದೇಹದಿಂದ ರಕ್ತ ಹರಿಸುತ್ತಿದ್ದ ಕಾಲದ ಹೆಸರು ರೋಗವನ್ನು ಗುರುತಿಸಲೆಂದು ರಕ್ತ ತೆಗೆಯುವ ಈ ಕಾಲಕ್ಕೂ ಉಳಿದುಕೊಂಡಿದೆ. ನಮ್ಮ ತಾಲ್ಲೂಕು ಕೇಂದ್ರಗಳ ಸಣ್ಣ ಲ್ಯಾಬುಗಳಲ್ಲಿ ರಕ್ತ ತೆಗೆಯುವವರು, ಯಂತ್ರ ನಡೆಸುವವರು, ವರದಿ ಅಚ್ಚುಹಾಕಿ ಕೊಡುವವರು ಎಲ್ಲವೂ ಒಬ್ಬರೇ ಲ್ಯಾಬ್ ಟೆಕ್ನೀಶಿಯನ್ ಆಗಿರುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ, ಹಲವು ಊರುಗಳಲ್ಲಿ ಕಲೆಕ್ಷನ್ ಸೆಂಟರ್ ತೆರೆದಿರುವ ಲ್ಯಾಬ್ ಸರಪಳಿಗಳಲ್ಲಿ, ಬೆಳಿಗ್ಗೆ ಆರು ಗಂಟೆಗೆ ಐಸ್ ಬಾಕ್ಸ್ ಹಿಡಿದು ಮನೆಬಾಗಿಲಿಗೆ ಬರುವ ಹೋಮ್ ಕಲೆಕ್ಷನ್ ಸೇವೆಯಲ್ಲಿ ಮಾತ್ರ ಇದು ಪ್ರತ್ಯೇಕ ಉದ್ಯೋಗವಾಗಿ ಬೆಳೆದಿದೆ.

ಸೂಜಿ ಚುಚ್ಚುವುದಷ್ಟೇ ತಾನೇ, ಅದಕ್ಕೇನು ಅಷ್ಟೊಂದು ಕಲಿಕೆ ಎಂದು ಕೇಳುವವರಿದ್ದಾರೆ. ಪ್ರಯೋಗಾಲಯದ ವರದಿಗಳಲ್ಲಿ ಆಗುವ ತಪ್ಪುಗಳ ಬಹುಪಾಲು ಯಂತ್ರದೊಳಗೆ ಹುಟ್ಟುವುದಿಲ್ಲ. ಮಾದರಿ ಯಂತ್ರವನ್ನು ತಲುಪುವ ಮೊದಲೇ ಹುಟ್ಟಿರುತ್ತವೆ. ಲಕ್ಷಾಂತರ ರೂಪಾಯಿಯ ಯಂತ್ರವೂ ತನ್ನೊಳಗೆ ಇಟ್ಟ ರಕ್ತ ಯಾರದ್ದು, ಎಷ್ಟು ಹೊತ್ತಿನ ಹಿಂದೆ ತೆಗೆದದ್ದು, ಯಾವ ಟ್ಯೂಬಿನಿಂದ ಯಾವ ಟ್ಯೂಬಿಗೆ ಸುರಿದದ್ದು ಎಂದು ತಿಳಿಯಲಾರದು. ಅದು ಕೊಟ್ಟದ್ದನ್ನು ಅಳೆದು ಹೇಳುತ್ತದೆ, ಅಷ್ಟೆ. ಹಾಗಾಗಿ ಈ ತರಬೇತಿಯಲ್ಲಿ ಚುಚ್ಚುವಿಕೆಗಿರುವುದು ಚಿಕ್ಕ ಪಾಲು. ಅದರ ಹಿಂದುಮುಂದಿನ ಹತ್ತು ನಿಮಿಷಗಳೇ ದೊಡ್ಡ ಪಾಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರ್ನಾಟಕದಲ್ಲಿ ಈ ಉದ್ಯೋಗಕ್ಕೆ ಬರುವ ದಾರಿಗಳು ಮುಖ್ಯವಾಗಿ ಮೂರು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿ.ಎಸ್ಸಿ. ಪದವಿಗೆ ಸೇರಬಹುದು. ಎರಡನೆಯದು ಪ್ಯಾರಾ ಮೆಡಿಕಲ್ ಬೋರ್ಡ್ ನಡೆಸಿಕೊಂಡು ಬಂದಿರುವ ಡಿಎಂಎಲ್‌ಟಿ, ಅಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ; ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಮೂರು ವರ್ಷ, ವಿಜ್ಞಾನದ ಪಿಯುಸಿ ಮುಗಿಸಿದವರಿಗೆ ಎರಡು ವರ್ಷ ಎಂಬುದು ಅದರ ರೂಢಿ. ಮೂರನೆಯದು ರಕ್ತ ತೆಗೆಯುವುದನ್ನಷ್ಟೇ ಕಲಿಸುವ ಕೆಲವು ತಿಂಗಳ ಕೌಶಲ ಕೋರ್ಸ್. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಫ್ಲೆಬಾಟಮಿಸ್ಟ್ ಹುದ್ದೆಗೆ ಪ್ರತ್ಯೇಕ ಪಠ್ಯಕ್ರಮವನ್ನು ರೂಪಿಸಿದೆ. ಕೋವಿಡ್ ಕಾಲದಲ್ಲಿ, 2021ರ ಜೂನ್ ತಿಂಗಳಲ್ಲಿ, ಕೇಂದ್ರ ಸರ್ಕಾರ ಕೈಗೊಂಡ ತುರ್ತು ತರಬೇತಿಯ ಆರು ವಿಭಾಗಗಳಲ್ಲಿ ಮಾದರಿ ಸಂಗ್ರಹವೂ ಒಂದಾಗಿತ್ತು.

ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಯೋಚಿಸುವವರು ಒಂದು ಕಾನೂನನ್ನು ತಿಳಿದಿರಲೇಬೇಕು. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆಯು, ಅಲೈಡ್ ಆರೋಗ್ಯ ವೃತ್ತಿಪರರು ಎನಿಸಿಕೊಳ್ಳಬೇಕಾದರೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿಕೊಂಡ, 2000 ಗಂಟೆಗಳಿಗೆ ಕಡಿಮೆಯಿಲ್ಲದ ಡಿಪ್ಲೊಮಾ ಅಥವಾ ಪದವಿ ಇರಬೇಕೆಂದು ಹೇಳುತ್ತದೆ. ಆರು ತಿಂಗಳ ಸರ್ಟಿಫಿಕೇಟ್ ಎಷ್ಟೇ ಚೆನ್ನಾಗಿ ಕಲಿಸಿದರೂ ಈ ಅಳತೆಯನ್ನು ಮುಟ್ಟುವುದಿಲ್ಲ. ಅದರಿಂದ ಕಲೆಕ್ಷನ್ ಸೆಂಟರಿನಲ್ಲಿ ಕೆಲಸ ಸಿಗಬಹುದು. ಆದರೆ ಸರ್ಕಾರಿ ಆಸ್ಪತ್ರೆಯ ಪ್ರಯೋಗಶಾಲಾ ತಂತ್ರಜ್ಞರ ಹುದ್ದೆಗೆ ಅರ್ಜಿ ಹಾಕುವ ದಿನ ಆ ಕಾಗದ ನೆರವಿಗೆ ಬಾರದು. ಮನೆಯ ಪರಿಸ್ಥಿತಿ ಬೇಗ ದುಡಿಯುವಂತೆ ಒತ್ತಾಯಿಸುತ್ತಿದ್ದರೆ ಕಿರು ಕೋರ್ಸ್ ಸರಿ. ಎರಡು ವರ್ಷ ಕಾಯುವ ಅನುಕೂಲವಿದ್ದವರು ಡಿಪ್ಲೊಮಾ ಬಿಟ್ಟು ಕಿರು ಕೋರ್ಸಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ತರಗತಿ ಯಾವುದೇ ಆಗಿರಲಿ, ಮೊದಲ ಚುಚ್ಚು ಮನುಷ್ಯರ ಮೇಲಲ್ಲ, ಪ್ಲಾಸ್ಟಿಕ್ ತೋಳಿನ ಮೇಲೆ. ಒಳಗೆ ರಬ್ಬರ್ ನಾಳಗಳು, ಅವುಗಳಲ್ಲಿ ಕೆಂಪು ನೀರು, ಮೇಲೆ ಚರ್ಮದಂಥ ಹೊದಿಕೆ ಇರುವ ಈ ತೋಳು ಹೊಸ ಕಾಲದ್ದು, ಆದರೆ ಅದರ ಹಿಂದಿನ ವಿಚಾರ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಶಿಷ್ಯನಿಗೆ ಕೈ ಪಳಗಿಸುವ ಬಗೆಯನ್ನೇ ವಿವರಿಸುತ್ತದೆ. ಸಿರೆಯನ್ನು, ಅಂದರೆ ರಕ್ತನಾಳವನ್ನು, ಚುಚ್ಚುವುದನ್ನು ಸತ್ತ ಪ್ರಾಣಿಗಳ ಸಿರೆಗಳ ಮೇಲೂ ನೈದಿಲೆಯ ದಂಟಿನ ಮೇಲೂ ಅಭ್ಯಾಸ ಮಾಡಿಸಬೇಕೆಂದು ಅಲ್ಲಿ ಹೇಳಿದೆ. ಎಷ್ಟು ಓದಿದವನಾದರೂ ಹೀಗೆ ಅಭ್ಯಾಸ ಮಾಡದಿದ್ದರೆ ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಆ ಅಧ್ಯಾಯದ ನಿಲುವು. ನೈದಿಲೆಯ ದಂಟಿನೊಳಗೆ ಟೊಳ್ಳು ಇರುವುದರಿಂದ ಹೊರಪದರವನ್ನು ದಾಟಿ ಒಳಗಿನ ಖಾಲಿ ಜಾಗವನ್ನು ತಲುಪಿದಾಗ ಕೈಗೆ ಒಂದು ಸಡಿಲಿಕೆ ಗೊತ್ತಾಗುತ್ತದೆ. ಅಭಿಧಮನಿಯ ಗೋಡೆಯನ್ನು ಸೂಜಿ ದಾಟಿದಾಗ ಆಗುವ ಅನುಭವವೂ ಅಂಥದ್ದೇ, ಮತ್ತು ಅದನ್ನು ಮಾತಿನಲ್ಲಿ ಕಲಿಸಲಾಗದು.

ಪ್ಲಾಸ್ಟಿಕ್ ತೋಳು ಕಲಿಸದ ಸಂಗತಿಗಳೂ ಇವೆ. ಅದು ಹೆದರುವುದಿಲ್ಲ, ಅದರ ನಾಳ ಜಾರುವುದಿಲ್ಲ, ಅದಕ್ಕೆ ವಯಸ್ಸಾಗುವುದಿಲ್ಲ. ಆದ್ದರಿಂದ ಮುಂದಿನ ಹಂತದಲ್ಲಿ ಅನುಭವಿಗಳ ಕಣ್ಣೆದುರಿನಲ್ಲಿ ನಿಜವಾದ ಕೈಗಳನ್ನು ಮುಟ್ಟಿ ಕಲಿಯಬೇಕು. ತೋರುಬೆರಳಿನಿಂದ ಒತ್ತಿ ಬಿಟ್ಟಾಗ ಸ್ಪಂಜಿನಂತೆ ಮೇಲೆದ್ದು ಬರುವುದು ಒಳ್ಳೆಯ ಅಭಿಧಮನಿ. ಹಗ್ಗದಂತೆ ಗಟ್ಟಿಯಾಗಿದ್ದರೆ ಅದು ಸ್ನಾಯುರಜ್ಜು, ಇಲ್ಲವೇ ಪದೇಪದೇ ಚುಚ್ಚಿ ಒಳಗೆ ಗಟ್ಟಿಯಾದ ನಾಳ. ಕಪ್ಪು ಮೈಬಣ್ಣದವರಲ್ಲಿ, ದಪ್ಪ ಮೈಯವರಲ್ಲಿ ನೀಲಿ ಗೆರೆ ಕಾಣಲಿಲ್ಲವೆಂದು ಕೈಚೆಲ್ಲುವ ಕಲಿಕೆಗಾರ ಬೆರಳನ್ನು ಇನ್ನೂ ಪಳಗಿಸಿಕೊಂಡಿಲ್ಲವೆಂದೇ ಅರ್ಥ.

ಕೆಲಸದ ಕ್ರಮ ಹೀಗಿದೆ. ಕೈ ತೊಳೆದು, ಕೈಗವಸು ಧರಿಸಿ, ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳಗಲ ಮೇಲೆ ಟೂರ್ನಿಕೆಟ್ ಪಟ್ಟಿಯನ್ನು ಕಟ್ಟಬೇಕು. ಅದು ಒಂದು ನಿಮಿಷ ದಾಟಿ ಇರಬಾರದು. ಹೆಚ್ಚು ಹೊತ್ತು ಬಿಗಿದಿದ್ದರೆ ನಾಳದೊಳಗಿನ ನೀರಿನಂಶ ಹೊರಗೆ ಒಸರಿ, ಉಳಿದ ರಕ್ತದಲ್ಲಿ ಪ್ರೋಟೀನಿನಂಥ ಅಂಶಗಳು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಮುಷ್ಟಿಯನ್ನು ಬಿಗಿದು ಬಿಟ್ಟು ಮತ್ತೆ ಬಿಗಿಯಿರಿ ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದ್ದು, ಅದರಿಂದ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಶೇ. 70ರ ಆಲ್ಕೊಹಾಲಿನಿಂದ ಚರ್ಮವನ್ನು ಒರೆಸಿದ ಮೇಲೆ ಅದು ತಾನಾಗಿ ಆರಲು ಅರ್ಧ ನಿಮಿಷ ಬಿಡಬೇಕು. ಊದಿ ಆರಿಸುವುದು, ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟುವುದು ಎರಡೂ ಆ ಒರೆಸುವಿಕೆಯನ್ನು ವ್ಯರ್ಥ ಮಾಡುತ್ತವೆ. ಆರದ ಚರ್ಮಕ್ಕೆ ಚುಚ್ಚಿದರೆ ರೋಗಿಗೆ ಉರಿಯೂ ಹೆಚ್ಚು. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು, ಸೂಜಿಯ ಓರೆಮುಖ ಮೇಲಿರುವಂತೆ, 30 ಡಿಗ್ರಿಗೆ ಮೀರದ ಕೋನದಲ್ಲಿ ಒಂದೇ ನಿಶ್ಚಯದಿಂದ ಒಳಹೊಗಿಸಬೇಕು. ವಯಸ್ಕರಿಗೆ ಸಾಮಾನ್ಯವಾಗಿ 21 ಗೇಜಿನ ಸೂಜಿ ಸಾಕು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳುವಾಗುತ್ತದೆ. ನೋವು ಕಡಿಮೆಯಾಗಲೆಂದು ತೀರಾ ತೆಳು ಸೂಜಿ ಬಳಸಿ ಸಿರಿಂಜನ್ನು ಜೋರಾಗಿ ಎಳೆದರೆ ಕೆಂಪು ರಕ್ತಕಣಗಳು ಒಡೆದು, ಅವುಗಳೊಳಗಿನ ಪೊಟ್ಯಾಸಿಯಂ ಹೊರಚೆಲ್ಲಿ ಮಾದರಿಯೇ ಕೆಡುತ್ತದೆ. ಕೊನೆಯಲ್ಲಿ ಪಟ್ಟಿ ಬಿಚ್ಚಿ, ಆಮೇಲೆ ಸೂಜಿ ತೆಗೆದು, ಕೈಯನ್ನು ನೇರವಾಗಿ ಚಾಚಿಯೇ ಹತ್ತಿಯಿಂದ ಒತ್ತಿ ಹಿಡಿಯಲು ಹೇಳಬೇಕು. ಮೊಣಕೈ ಮಡಚಿಕೊಂಡು ಹೊರಡುವುದು ಎಲ್ಲ ಊರುಗಳ ರೂಢಿಯಾದರೂ, ಮರುದಿನ ನೀಲಿಗಟ್ಟುವುದಕ್ಕೆ ಅದೂ ಒಂದು ಕಾರಣ.

ಇನ್ನು ಬಣ್ಣಬಣ್ಣದ ಮುಚ್ಚಳಗಳ ಟ್ಯೂಬುಗಳ ವಿಷಯ. ತರಬೇತಿಯಲ್ಲಿ ಅತಿ ಹೆಚ್ಚು ಬಾಯಿಪಾಠ ಮಾಡಿಸುವ, ಅತಿ ಕಡಿಮೆ ಅರ್ಥ ಮಾಡಿಸುವ ಭಾಗ ಇದು. ಗಾಳಿಯಿಲ್ಲದ ಟ್ಯೂಬ್ ತಾನಾಗಿಯೇ ರಕ್ತವನ್ನು ಅಳತೆಗೆ ತಕ್ಕಷ್ಟು ಎಳೆದುಕೊಳ್ಳುವ ಈ ವಿಧಾನವನ್ನು 1940ರ ದಶಕದಲ್ಲಿ ಜೋಸೆಫ್ ಕ್ಲೈನರ್ ರೂಪಿಸಿದರು. ವ್ಯಾಕ್ಯುಟೇನರ್ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಪ್ರತಿ ಬಣ್ಣವೂ ಒಳಗೆ ಯಾವ ರಾಸಾಯನಿಕವಿದೆ ಎಂಬುದರ ಗುರುತು. ತಿಳಿನೀಲಿಯಲ್ಲಿ ಸೋಡಿಯಂ ಸಿಟ್ರೇಟ್ ಇದ್ದು, ರಕ್ತ ಹೆಪ್ಪುಗಟ್ಟುವ ಸಾಮರ್ಥ್ಯವನ್ನು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆಗೆ ಬಳಕೆಯಾಗುತ್ತದೆ. ಕೆಂಪು, ಹಳದಿ ಮುಚ್ಚಳದವು ರಕ್ತ ಹೆಪ್ಪುಗಟ್ಟಿ ಸೀರಮ್ ಎಂಬ ತಿಳಿದ್ರವ ಬೇರ್ಪಡಲೆಂದು ಇರುವವು. ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳಿಗೆ ಇವು. ಹಸಿರಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ನೇರಳೆಯಲ್ಲಿ ಇಡಿಟಿಎ, ರಕ್ತಕಣಗಳನ್ನು ಎಣಿಸುವ ಸಿಬಿಸಿಗೂ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಗೂ ಅದೇ. ಬೂದು ಬಣ್ಣದಲ್ಲಿ ಫ್ಲೋರೈಡ್, ಸಕ್ಕರೆಯ ಪರೀಕ್ಷೆಗೆ.

ರಕ್ತ ತುಂಬುವ ಕ್ರಮವೂ ಇದೇ: ಸೋಂಕು ಪತ್ತೆಯ ಕಲ್ಚರ್ ಬಾಟಲಿ ಎಲ್ಲಕ್ಕಿಂತ ಮೊದಲು, ಆಮೇಲೆ ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಈ ಕ್ರಮಕ್ಕೆ ಕಾರಣ ತಿಳಿದರೆ ಮರೆಯುವ ಮಾತೇ ಇಲ್ಲ. ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಮತ್ತು ಟ್ಯೂಬಿನಲ್ಲಿ ಅದು ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ. ನೇರಳೆ ಟ್ಯೂಬಿಗೆ ತಾಗಿದ ಸೂಜಿಯಿಂದ ಒಂದು ಹನಿಯಷ್ಟು ಇಡಿಟಿಎ ಹಳದಿ ಟ್ಯೂಬಿಗೆ ಹೋಯಿತೆನ್ನೋಣ. ವರದಿಯಲ್ಲಿ ಪೊಟ್ಯಾಸಿಯಂ ಗಾಬರಿಯಾಗುವಷ್ಟು ಮೇಲೆ, ಕ್ಯಾಲ್ಸಿಯಂ ಅಷ್ಟೇ ಕೆಳಗೆ ಕಾಣುತ್ತದೆ. ಅಂಥ ವರದಿ ನಿಜವಾಗಿದ್ದರೆ ಹೃದಯ ನಿಲ್ಲುವ ಅಪಾಯವಿರುತ್ತದೆ, ಆದ್ದರಿಂದ ವೈದ್ಯರು ತುರ್ತು ಚಿಕಿತ್ಸೆಗೆ ಮುಂದಾಗುತ್ತಾರೆ. ರೋಗಿಗೆ ಇಲ್ಲದ ಕಾಯಿಲೆಗೆ ಮದ್ದು ಬೀಳುತ್ತದೆ. ಹಳದಿ ಟ್ಯೂಬಿನಲ್ಲಿ ರಕ್ತ ಸಾಲದೆಂದು ನೇರಳೆಯಿಂದ ಸ್ವಲ್ಪ ಸುರಿಯುವ ದುರಭ್ಯಾಸವೂ ಇದೇ ಅನಾಹುತವನ್ನು ತರುತ್ತದೆ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿಯಲೇಬಾರದು, ಯಾವ ಕಾರಣಕ್ಕೂ.

ತಿಳಿನೀಲಿ ಟ್ಯೂಬಿನ ನಿಯಮ ಬೇರೆ. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು, 0.3 ಮಿಲಿಲೀಟರ್ ದ್ರಾವಣವಿರುವ ಟ್ಯೂಬಿಗೆ 2.7 ಮಿಲಿಲೀಟರ್ ರಕ್ತ ಗೆರೆ ಮುಟ್ಟುವವರೆಗೆ ತುಂಬಬೇಕು. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಮಿಕ್ಕು, ರಕ್ತ ಹೆಪ್ಪುಗಟ್ಟಲು ಇರುವುದಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಂತೆ ಕಾಣುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಈ ಸುಳ್ಳು ಅಂಕಿಯನ್ನು ನಂಬಿ ಮಾತ್ರೆಯ ಪ್ರಮಾಣ ಇಳಿಸಿದರೆ ಕವಾಟದಲ್ಲಿ ಹೆಪ್ಪು ಕಟ್ಟಬಹುದು. ಇನ್ನು ಬೂದು ಟ್ಯೂಬಿನ ಅಗತ್ಯವೇನೆಂದರೆ, ತೆಗೆದಿಟ್ಟ ರಕ್ತದಲ್ಲೂ ಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಧಾರಣ ಟ್ಯೂಬಿನಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಫ್ಲೋರೈಡ್ ಇದನ್ನು ತಡೆಯುತ್ತದೆಯಾದರೂ ಪೂರ್ತಿ ತಡೆಯಲು ಅದಕ್ಕೂ ಒಂದೆರಡು ಗಂಟೆ ಬೇಕು. ಆದ್ದರಿಂದ ಹೋಮ್ ಕಲೆಕ್ಷನ್‌ಗೆ ಹೋದವರು ಹತ್ತು ಮನೆ ಮುಗಿಸಿ ಮಧ್ಯಾಹ್ನ ಲ್ಯಾಬಿಗೆ ಬರುವುದು ಸರಿಯಲ್ಲ. ರಾಸಾಯನಿಕವಿರುವ ಟ್ಯೂಬುಗಳನ್ನು ತುಂಬಿದ ಕೂಡಲೇ ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸಬೇಕು, ನೇರಳೆಯನ್ನು ಎಂಟು ಹತ್ತು ಬಾರಿ, ತಿಳಿನೀಲಿಯನ್ನು ಮೂರು ನಾಲ್ಕು ಬಾರಿ; ಔಷಧಿ ಬಾಟಲಿಯಂತೆ ಕುಲುಕಬಾರದು.

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿ ಹೆಸರನ್ನು ತಪ್ಪಿದರೆ ಏನೂ ಮಾಡದಂತೆಯೇ. "ನೀವು ಮಂಜುನಾಥ ಅಲ್ಲವೇ?" ಎಂದು ಕೇಳಿದರೆ ಜ್ವರದ ಮಂಪರಿನಲ್ಲಿರುವವರೂ ಕಿವಿ ಮಂದವಾದ ಅಜ್ಜನೂ ಹೌದೆಂದು ತಲೆಯಾಡಿಸುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ" ಎಂದು ಕೇಳಿ, ಅವರ ಬಾಯಿಂದಲೇ ಬಂದ ಎರಡು ಗುರುತುಗಳನ್ನು ಚೀಟಿಯೊಂದಿಗೆ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುನಾಥ ಇರುವ ನಾಡಿನಲ್ಲಿ ಇದು ಅತಿ ಎಚ್ಚರಿಕೆಯಲ್ಲ. ಹುಟ್ಟಿದ ದಿನಾಂಕ ತಿಳಿಯದ ಹಿರಿಯರಿಗೆ ಆಸ್ಪತ್ರೆಯ ನೋಂದಣಿ ಸಂಖ್ಯೆಯಿರುತ್ತದೆ. ಲೇಬಲ್ ಅಂಟಿಸಬೇಕಾದದ್ದು ರಕ್ತ ತೆಗೆದ ಮೇಲೆ, ರೋಗಿಯ ಎದುರಿನಲ್ಲೇ. ಮೊದಲೇ ಲೇಬಲ್ ಹಚ್ಚಿದ ಖಾಲಿ ಟ್ಯೂಬ್ ಬೇರೊಬ್ಬರ ರಕ್ತಕ್ಕೆ ಬಳಕೆಯಾಗಬಹುದು, ಮೇಜಿನ ಬಳಿ ಹೋಗಿ ಒಟ್ಟಿಗೆ ಹಚ್ಚಿದರೆ ಎರಡು ಅದಲುಬದಲಾಗಬಹುದು. ರಕ್ತದ ಗುಂಪು ಪತ್ತೆಗೆ ತೆಗೆದ ಮಾದರಿಯಲ್ಲಿ ಹೀಗಾದರೆ ತಪ್ಪು ಗುಂಪಿನ ರಕ್ತ ಹತ್ತಿ ಪ್ರಾಣವೇ ಹೋಗಬಹುದು.

ಎಲ್ಲ ಕೈಗಳೂ ಚುಚ್ಚಲು ಯೋಗ್ಯವಲ್ಲ ಎಂಬುದನ್ನೂ ಕಲಿಯಬೇಕು. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿದ ನಾಳ) ಮಾಡಿಸಿಕೊಂಡ ಕೈಯನ್ನು ಮುಟ್ಟುವಂತಿಲ್ಲ. ಆ ನಾಳ ಕೆಟ್ಟರೆ ಅವರ ಜೀವದ ದಾರಿಯೇ ಕೆಟ್ಟಂತೆ. ಸ್ತನ ಶಸ್ತ್ರಚಿಕಿತ್ಸೆಯಾದ ಬದಿಯ ಕೈಯನ್ನು ವೈದ್ಯರನ್ನು ಕೇಳದೆ ಬಳಸಬಾರದು. ಡ್ರಿಪ್ ಹೋಗುತ್ತಿರುವ ಕೈಯಲ್ಲಿ ಅದರ ಮೇಲ್ಭಾಗದಿಂದ ತೆಗೆದರೆ ರಕ್ತದ ಬದಲು ಗ್ಲೂಕೋಸ್ ನೀರನ್ನೇ ಅಳೆದಂತಾಗುತ್ತದೆ. ಹಸುಳೆಗಳಿಗೆ ಹಿಮ್ಮಡಿಯ ಅಂಚುಗಳಲ್ಲಿ ಮಾತ್ರ ಚುಚ್ಚಬೇಕು, ನಡುಭಾಗದಲ್ಲಿ ಎಲುಬು ಹತ್ತಿರ. ಇನ್ನು ತಲೆಸುತ್ತಿ ಬೀಳುವವರು: ಗಟ್ಟಿಮುಟ್ಟಾದ ಯುವಕರೂ ಬೀಳುತ್ತಾರೆ. "ಹಿಂದೆ ರಕ್ತ ಕೊಡುವಾಗ ತಲೆಸುತ್ತು ಬಂದಿತ್ತೇ?" ಎಂದು ಮೊದಲೇ ಕೇಳಿ, ಬಂದಿತ್ತೆಂದರೆ ಮಲಗಿಸಿಯೇ ತೆಗೆಯಬೇಕು.

ಕಲಿಯುವವರ ಸ್ವಂತ ಜೀವದ ರಕ್ಷಣೆಯ ಪಾಠ ಎಷ್ಟೋ ಕಡೆ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಹಾಗಾಗಬಾರದು. ಸೋಂಕಿರುವವರಿಗೆ ಬಳಸಿದ ಸೂಜಿ ಒಮ್ಮೆ ಕೈಗೆ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ. 0.3, ಹೆಪಟೈಟಿಸ್ ಸಿ ಸುಮಾರು ಶೇ. 1.8. ಆದರೆ ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಹೆಚ್ಚು ಹೆದರಬೇಕಾದದ್ದು ಕೊನೆಯದಕ್ಕೆ, ಮತ್ತು ಅದಕ್ಕೇ ಲಸಿಕೆ ಇರುವುದು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಡೋಸ್. ತರಬೇತಿಗೆ ಸೇರುವ ಮೊದಲೇ ಶುರುಮಾಡುವುದು ಒಳಿತು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದೇ ಚುಚ್ಚಿಕೊಳ್ಳುವ ದೊಡ್ಡ ದಾರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸೂಜಿ ಚೂಪುವಸ್ತು ತೂರಲಾಗದ ಬಿಳಿ ಡಬ್ಬಿಗೆ ನೇರವಾಗಿ ಬೀಳಬೇಕು. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ. ಚುಚ್ಚಿಕೊಂಡರೆ ಹಿಂಡದೆ, ಬಾಯಿಗಿಡದೆ, ಸೋಪು ನೀರಿನಿಂದ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟವರು ಈ ಅವಧಿಯನ್ನೇ ಕಳೆದುಕೊಳ್ಳುತ್ತಾರೆ.

ವಿದೇಶದಲ್ಲಿ ನೆಲೆಸಿ ಇದೇ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮವಿದೆ. ಬಹಳಷ್ಟು ಕನ್ನಡಿಗರಿರುವ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ; ಅದಕ್ಕಾಗಿ ತರಗತಿಯ ಪಾಠದ ಜೊತೆಗೆ ಮೇಲ್ವಿಚಾರಣೆಯಲ್ಲಿ 40 ಗಂಟೆಗಳ ಕೈಕೆಲಸ, ಅಭಿಧಮನಿಯಿಂದ 50 ಬಾರಿ ಮತ್ತು ಬೆರಳಿನಂಥ ಕಡೆ ಚರ್ಮದಿಂದ 10 ಬಾರಿ ರಕ್ತ ತೆಗೆದ ದಾಖಲೆ ಇರಬೇಕು.

ಈ ಎಣಿಕೆಯ ಪದ್ಧತಿ ನಮ್ಮ ಊರಿನ ವಿದ್ಯಾರ್ಥಿಗೂ ಉಪಯುಕ್ತ. ಕೋರ್ಸಿಗೆ ಸೇರುವ ಮುನ್ನ ಕಟ್ಟಡವನ್ನೂ ಜಾಹೀರಾತನ್ನೂ ನೋಡಿ ಮರುಳಾಗದೆ, ಯಾವ ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆ ಕಳಿಸುತ್ತಾರೆ, ಆ ಲ್ಯಾಬಿಗೆ ಪ್ರಯೋಗಾಲಯಗಳ ಗುಣಮಟ್ಟವನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇದೆಯೇ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು, ಎರಡು ಬಾರಿ ಚುಚ್ಚಿ ಸಿಗದಿದ್ದರೆ ಮೂರನೆಯ ಬಾರಿಗೆ ಅನುಭವಿಗಳನ್ನು ಕರೆಯುವ ಕಟ್ಟುನಿಟ್ಟು ಅಲ್ಲಿದೆಯೇ ಎಂದು ವಿಚಾರಿಸಬೇಕು. ಹಿಂದಿನ ಸಾಲಿನ ವಿದ್ಯಾರ್ಥಿಗಳು ಪ್ರತಿ ಚುಚ್ಚನ್ನೂ ಬರೆದು ಮೇಲ್ವಿಚಾರಕರಿಂದ ಸಹಿ ಹಾಕಿಸಿಕೊಂಡ ಲಾಗ್ ಪುಸ್ತಕವನ್ನು, ರೋಗಿಗಳ ಹೆಸರು ಮರೆಮಾಡಿ, ತೋರಿಸಲು ಆ ಸಂಸ್ಥೆಗೆ ಸಾಧ್ಯವಾಗಬೇಕು. ಅದು ಇಲ್ಲವೆಂದರೆ ಶುಲ್ಕ ಕಟ್ಟುವ ಮೊದಲು ಇನ್ನೊಂದು ಸಂಸ್ಥೆಯನ್ನು ನೋಡಿ ಬರುವುದು ಒಳ್ಳೆಯದು.